ಬಿಚ್ಚಿದ ಪ್ಲೇಟು ತೋರಿಸಿ ಅನ್ನಿ

ಕೇಳುಗರೆಲ್ಲರಿಗೂ ನಮಸ್ಕಾರ.

"ವಾರಂಟಿ ಇನ್ನೂ ಮುಗಿದಿಲ್ಲ, ಕ್ಲಚ್ ಹೋಗಿದೆ, ದುಡ್ಡು ಕಟ್ಟಿ ಅಂತಾರೆ. ಇದೆಂಥ ವಾರಂಟಿ ಸಾರ್?" ಗಾಡಿ ರಿಪೇರಿ ಕೆಲಸಕ್ಕೆ ಬಂದ ದಿನದಿಂದ ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಇವತ್ತು ಇದೊಂದನ್ನೇ ಮಾತಾಡೋಣ.

ವಾರಂಟಿ ಅಂದರೆ ತಯಾರಕರು ಕೊಡುವ ಮಾತು. ನಾವು ಮಾಡಿದ್ದರಲ್ಲಿ ತಪ್ಪಿದ್ದರೆ ನಮ್ಮ ಖರ್ಚಿನಲ್ಲಿ ಸರಿ ಮಾಡಿಕೊಡುತ್ತೇವೆ, ಅಷ್ಟೇ. ಸವೆಯಲಿ ಅಂತಲೇ ಮಾಡಿದ ಭಾಗ ಸವೆದರೆ ಅದು ತಪ್ಪಲ್ಲ. ಪೆನ್ಸಿಲ್ ಬರೆದು ಬರೆದು ಗಿಡ್ಡವಾಯಿತು ಅಂತ ಅಂಗಡಿಗೆ ವಾಪಸ್ ಒಯ್ಯುತ್ತೀರಾ? ಇಲ್ಲ ಅಲ್ವಾ. ಆದರೆ ಹೊಸ ಪೆನ್ಸಿಲ್ ಕೆತ್ತಿದಷ್ಟೂ ಒಳಗಿನ ಕಡ್ಡಿ ತುಂಡು ತುಂಡಾಗಿ ಬೀಳುತ್ತಿದ್ದರೆ? ಆಗ ಒಯ್ಯುತ್ತೀರಿ, ಒಯ್ಯಲೇಬೇಕು.

ಕ್ಲಚ್ ಪ್ಲೇಟೂ ಹಾಗೇ. ಎಂಜಿನ್ ತಿರುಗುವ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವುದೇ ಅದರ ಕೆಲಸ. ಎಂಜಿನ್ ಕಡೆ ಫ್ಲೈವೀಲ್ ಅನ್ನುವ ಭಾರದ ಚಕ್ರ, ಈ ಕಡೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ನಡುವೆ ಸಿಕ್ಕಿಕೊಂಡಿರುವ ದುಂಡನೆಯ ತಟ್ಟೆ ಅದು. ಎರಡೂ ಮುಖಕ್ಕೆ ಲೈನಿಂಗ್, ಅಂದರೆ ಹಿಡಿತ ಕೊಡುವ ಪದರ, ರಿವೆಟ್ ಮೊಳೆ ಹೊಡೆದು ಕೂರಿಸಿರುತ್ತಾರೆ. ಪೆಡಲ್ ಒತ್ತಿದರೆ ಹಿಡಿತ ಬಿಡುತ್ತದೆ, ಕಾಲು ತೆಗೆದರೆ ಹಿಡಿಯುತ್ತದೆ. ಹಿಡಿಯುವ ಹೊತ್ತಿಗೆ ಒಂದಿಷ್ಟು ಜಾರುತ್ತದೆ, ಜಾರಿದಷ್ಟು ಸವೆಯುತ್ತದೆ. ಒಬ್ಬರ ಕಾಲಡಿ 1 ಲಕ್ಷ ಕಿಲೋಮೀಟರ್ ದಾಟುವ ಪ್ಲೇಟು ಇನ್ನೊಬ್ಬರ ಕಾಲಡಿ 20 ಸಾವಿರಕ್ಕೇ ಸುಟ್ಟು ಕೂರುತ್ತದೆ. ಅದಕ್ಕೇ ಕಂಪನಿಗಳು ಸವೆತಕ್ಕೆ ವಾರಂಟಿ ಇಲ್ಲ ಅಂತ ಬರೆದುಬಿಡುತ್ತವೆ.

ಸವೆತಕ್ಕೆ ಇಲ್ಲ ಅಂದೆ, ಗಮನಿಸಿದಿರಾ? ಕ್ಲಚ್‌ಗೆ ಇಲ್ಲ ಅನ್ನಲಿಲ್ಲ. ಕೌಂಟರಿನಲ್ಲಿ ಕೂತವರು "ಕ್ಲಚ್ ವಾರಂಟಿಯಲ್ಲಿ ಬರಲ್ಲ" ಅಂದರೆ ನೀವು ತಲೆಯಾಡಿಸಿ ದುಡ್ಡು ಕಟ್ಟಿ ಬರಬೇಡಿ. ಬಿಚ್ಚಿದ ಪ್ಲೇಟು ತೋರಿಸಿ ಅನ್ನಿ.

ಒಬ್ಬರು ರಿಟೈರ್ಡ್ ಮೇಷ್ಟ್ರ ಕಥೆ ಹೇಳುತ್ತೇನೆ. ಹೊಸ ಗಾಡಿ, ವರ್ಷ ತುಂಬಿರಲಿಲ್ಲ, ಓಡಿದ್ದು 9 ಸಾವಿರ ಕಿಲೋಮೀಟರ್. ಕ್ಲಚ್ ಜಾರುತ್ತಿದೆ ಅಂತ ಸರ್ವಿಸ್‌ಗೆ ಒಯ್ದರೆ, "ನೀವು ಹಾಫ್ ಕ್ಲಚ್ಚಲ್ಲೇ ಓಡಿಸ್ತೀರಿ ಸಾರ್, ಅದಕ್ಕೇ" ಅಂದರಂತೆ. ಹಾಫ್ ಕ್ಲಚ್ ಅಂದರೆ ಪೆಡಲ್ ಮೇಲೆ ಕಾಲಿಟ್ಟು ಅರ್ಧ ಒತ್ತಿಕೊಂಡೇ ಓಡಿಸುವುದು. ಮೇಷ್ಟ್ರಿಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ, ಆ ಮಾತಿಗೆ. ನಮ್ಮನೆಗೆ ಬಂದು, "ಬಾರಯ್ಯ, ಪಕ್ಕದಲ್ಲಿ ಕೂತ್ಕೋ. ನನ್ನ ಕಾಲು ಎಲ್ಲಿರುತ್ತೆ ನೋಡು" ಅಂತ ಕರೆದುಕೊಂಡು ಹೋದರು. ಕೂತೆ, ನೋಡಿದೆ. ಗೇರ್ ಬಿದ್ದ ತಕ್ಷಣ ಅವರ ಎಡಗಾಲು ಪೆಡಲ್ ಬಿಟ್ಟು ಪಕ್ಕಕ್ಕೆ, ಪರೀಕ್ಷೆ ಹಾಲಿನಲ್ಲಿ ಕೂತ ಹುಡುಗನ ಹಾಗೆ, ಅಲ್ಲಾಡದೆ. ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಲು ಹೇಳಿದೆ. ಎಂಜಿನ್ ಅರಚಿತು, ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಎದ್ದಿತು, ಸ್ಪೀಡಿನ ಮುಳ್ಳು ಇದ್ದಲ್ಲೇ ಇತ್ತು. ಜಾರುತ್ತಿರುವುದು ಖರೆ. ಆದರೆ ಸುಟ್ಟ ವಾಸನೆಯೇ ಇಲ್ಲ! ಆಗಲೇ ನನಗೆ ಅನುಮಾನ ಬಂತು.

ಕ್ಲಚ್ ಬಿಚ್ಚಲು ಗೇರ್‌ಬಾಕ್ಸ್ ಇಳಿಸುವ ದಿನ ಮೇಷ್ಟ್ರ ಜೊತೆ ನಾನೂ ಹೋದೆ. ನಾವು ಹೋಗುವಷ್ಟರಲ್ಲಿ ಹಳೇ ಪ್ಲೇಟನ್ನು ಬೆಂಚಿನ ಕೆಳಗೆ, ಬಾನೆಟ್ ಒರೆಸುವ ಬಟ್ಟೆ ಜೊತೆ ಬಿಸಾಕಿದ್ದರು. ಎತ್ತಿಕೊಂಡೆ. ಓಡಿಸಿ ಸುಟ್ಟ ಪ್ಲೇಟು ಹೇಗಿರುತ್ತೆ ಗೊತ್ತಾ? ಲೈನಿಂಗ್ ರಿವೆಟ್ ತನಕ ಇಳಿದಿರುತ್ತದೆ, ಕಪ್ಪಗೆ ಗಾಜಿನ ಹಾಗೆ ಮಿರಿಮಿರಿ ಹೊಳೆಯುತ್ತದೆ. ಪ್ರೆಶರ್ ಪ್ಲೇಟಿನ ಮೇಲೆ ಕಾದ ಕಬ್ಬಿಣದ ನೀಲಿ ಕಲೆ. ಇದರಲ್ಲಿ ಅಂಥದ್ದೇನೂ ಇಲ್ಲ. ಲೈನಿಂಗ್ ದಪ್ಪ ಹಾಗೇ ಇದೆ, ರಿವೆಟ್ ತಲೆಗಳು ಎಲ್ಲೋ ಒಳಗೆ ಕೂತಿವೆ. ಬೆರಳಾಡಿಸಿದೆ, ಜಿಡ್ಡು. ಮೂಸಿದೆ, ಎಂಜಿನ್ ಆಯಿಲ್!

ಟಾರ್ಚ್ ಬಿಟ್ಟು ಒಳಗೆ ನೋಡಿದರೆ ಎಂಜಿನ್ನಿನ ಮುಖ್ಯ ದಂಡ ಕ್ರ್ಯಾಂಕ್‌ಶಾಫ್ಟಿನ ಹಿಂದೆ, ಆಯಿಲ್ ಹೊರಗೆ ಬಾರದಂತೆ ತಡೆಯುವ ಆಯಿಲ್ ಸೀಲ್‌ನಿಂದ ಕೆಳಕ್ಕೆ ಕಪ್ಪು ಗೆರೆ ಹರಿದಿತ್ತು. ಸೀಲ್ ಸೋರಿ ಪ್ಲೇಟು ನೆಂದಿದೆ. ನೆಂದ ಪ್ಲೇಟು ಜಾರದೆ ಇನ್ನೇನು ಮಾಡುತ್ತದೆ? ಸೀಲ್ ನೋಡದೆ ಸುಮ್ನೆ ಹೊಸ ಪ್ಲೇಟು ಹಾಕಿ ಮುಚ್ಚಿದ್ದರೆ ಅದೂ ನೆನೆಯುತ್ತಿತ್ತು, ಮೇಷ್ಟ್ರು ಮತ್ತೆ ಹಾಫ್ ಕ್ಲಚ್ ಪಾಠ ಕೇಳಬೇಕಿತ್ತು. ಸೂಪರ್‌ವೈಸರ್ ಬಂದರು, ಅವರೂ ಬೆರಳಾಡಿಸಿದರು, ಮಾತಾಡಲಿಲ್ಲ. ಫೋಟೋ ತೆಗೆದು ಕ್ಲೇಮ್ ಕಳಿಸಿದರು. ಸೀಲೂ ಸಿಕ್ಕಿತು, ಕ್ಲಚ್ಚೂ ಸಿಕ್ಕಿತು, ಎರಡೂ ವಾರಂಟಿಯಲ್ಲಿ. ಮೇಷ್ಟ್ರು ಆ ಪ್ಲೇಟನ್ನು ಮನೆಗೆ ಕೊಡಿ ಅಂತ ಪಟ್ಟು ಹಿಡಿದರು. ಕ್ಲೇಮ್ ಆದ ಭಾಗ ಕಂಪನಿಗೆ ವಾಪಸ್ ಹೋಗಬೇಕು ಅಂದಾಗ ಮುಖ ಸಪ್ಪಗಾಯಿತು, ಪಾಪ.

ಇದು ನಮ್ಮ ಮೇಷ್ಟ್ರೊಬ್ಬರದೇ ಕಥೆ ಅಲ್ಲ. ಆಸ್ಟ್ರೇಲಿಯಾದಲ್ಲಿ ಫೋರ್ಡ್ ಕಂಪನಿಯ ಪವರ್‌ಶಿಫ್ಟ್ ಎಂಬ ಡಬಲ್ ಕ್ಲಚ್ ಗೇರ್‌ಬಾಕ್ಸ್ ಇದ್ದ ಕಾರುಗಳು ನಡುಗುತ್ತವೆ ಅಂತ ಜನ ದೂರು ಕೊಟ್ಟರು. ಎಷ್ಟೋ ಜನರಿಗೆ ಸಿಕ್ಕ ಉತ್ತರ, ನೀವು ಓಡಿಸುವ ರೀತಿ ಸರಿಯಿಲ್ಲ ಅಂತ. ವಿಷಯ ಕೋರ್ಟಿಗೆ ಹೋಗಿ 2018ರಲ್ಲಿ ಕಂಪನಿಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಓಡಿಸುವವರ ಮೇಲೆ ತಪ್ಪು ಹಾಕುವುದು ಸುಲಭ ನೋಡಿ. ಅದಕ್ಕೇ ಹೇಳುತ್ತಿರುವುದು, ಬಿಚ್ಚಿದ ಪ್ಲೇಟು ತೋರಿಸಿ ಅನ್ನಿ. ಗೇರ್‌ಬಾಕ್ಸ್ ಮತ್ತೆ ಮೇಲೇರಿದ ಮೇಲೆ ಸೀಲೂ ಕಾಣುವುದಿಲ್ಲ, ಸಾಕ್ಷಿಯೂ ಉಳಿಯುವುದಿಲ್ಲ.

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಮೇಷ್ಟ್ರು ಜಾಸ್ತಿ ಹೊತ್ತು ತಿಂದುಬಿಟ್ಟರು. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಜಾರುವುದು ಶುರುವಾದ ದಿನವೇ ಜಾಬ್ ಕಾರ್ಡಿನಲ್ಲಿ, ಅಂದರೆ ಸರ್ವಿಸ್‌ನವರು ದೂರು ಬರೆದುಕೊಳ್ಳುವ ಚೀಟಿಯಲ್ಲಿ, ಕಿಲೋಮೀಟರ್ ಸಮೇತ ಬರೆಸಿ, ವಾರಂಟಿ ಮುಗಿಯುವ ತನಕ ಕಾಯಬೇಡಿ. ಕೊಡಲ್ಲ ಅಂದರೆ ಯಾಕೆ ಅನ್ನುವುದನ್ನು ಬರಹದಲ್ಲಿ ಕೇಳಿ, ಬಾಯಿಮಾತು ಬೇಡ. ಬ್ರೇಕ್ ಪ್ಯಾಡ್, ವೈಪರ್, ಫಿಲ್ಟರ್‌ಗಳ ಕಥೆಯೂ ಇದೇ. ಟೈರು, ಬ್ಯಾಟರಿಗಳಿಗೆ ಸಾಮಾನ್ಯವಾಗಿ ಅವನ್ನು ಮಾಡಿದ ಕಂಪನಿಯದೇ ಬೇರೆ ವಾರಂಟಿ ಇರುತ್ತದೆ, ಆ ಕಾರ್ಡು ಜೋಪಾನ. ಎಕ್ಸ್‌ಟೆಂಡೆಡ್ ವಾರಂಟಿ ಕೊಳ್ಳುವವರು ಏನು ಬರುತ್ತದೆ ಅನ್ನುವ ಪುಟ ಬಿಟ್ಟು, ಏನು ಬರುವುದಿಲ್ಲ ಅನ್ನುವ ಪುಟವನ್ನೇ ಮೊದಲು ಓದಿ.

ಇನ್ನು ನಿಜವಾಗಿಯೂ ಹಾಫ್ ಕ್ಲಚ್ಚಲ್ಲಿ ಓಡಿಸುವವರು ಇದ್ದೀರಿ, ನನಗೆ ಗೊತ್ತು. ಏರಿನಲ್ಲಿ ಗಾಡಿ ನಿಂತಾಗ ಕ್ಲಚ್ಚಿನಲ್ಲಿ ಹಿಡಿದು ತೂಗಬೇಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಅದು ಇರುವುದೇ ಅದಕ್ಕೆ. ನಮಸ್ಕಾರ.