ಬಾವಿಯ ಶೇಡಿಯಿಂದ ಪಿಂಗಾಣಿ ಆದೀತೇ?

[ದೃಶ್ಯ: ಅಡಿಕೆ ತೋಟದ ನಡುವೆ ಹೊಸ ಬಾವಿ. ಅಂಚಿನಲ್ಲಿ ಒಂದು ಕಡೆ ಕೆಂಪು ಮಣ್ಣು, ಇನ್ನೊಂದು ಕಡೆ ಬಿಳಿ ಮಣ್ಣಿನ ರಾಶಿ.]

ನಮಸ್ಕಾರ. ಬದಿಯಡ್ಕದ ಕಡೆಯ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆಯಿಂದಲೇ ಇಂದಿನ ಮಾತನ್ನು ಆರಂಭಿಸುತ್ತೇನೆ. ಅವರ ತೋಟದಲ್ಲಿ ಬಾವಿ ತೋಡುವಾಗ ಮುರಕಲ್ಲಿನ ಪದರ ಮುಗಿದ ಮೇಲೆ ಬೆಣ್ಣೆಯಂತೆ ನುಣುಪಾದ ಬಿಳಿ ಶೇಡಿಮಣ್ಣು ಸಿಕ್ಕಿತಂತೆ. ಇದನ್ನು ತಿಗರಿಯ ಮೇಲಿಟ್ಟು ಪಿಂಗಾಣಿ ಲೋಟ ಮಾಡಬಹುದೇ ಎಂಬುದು ಅವರ ಪ್ರಶ್ನೆ.

ಕಾಸರಗೋಡಿನವರಿಗೆ ಶೇಡಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಮುರಕಲ್ಲಿನಲ್ಲಿ ನೀರಿಗಾಗಿ ಧೈರ್ಯವಾಗಿ ಸುರಂಗ ಕೊರೆಯುತ್ತ ಹೋಗುವವರೂ ಶೇಡಿ ಕಂಡೊಡನೆ ಕೈ ತಡೆಯುತ್ತಾರೆ, ಏಕೆಂದರೆ ನೀರು ಕುಡಿದ ಶೇಡಿ ನಿಲ್ಲುವುದಿಲ್ಲ, ಜರಿದು ಬೀಳುತ್ತದೆ. ಬಂಡೆಯೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜವು ಎಷ್ಟೋ ಲಕ್ಷ ವರ್ಷಗಳ ಮಳೆಗೆ ಶಿಥಿಲವಾಗಿ ಕಯೊಲಿನೈಟ್ ಎಂಬ ಬಿಳಿ ಜೇಡಿಯಾಗುತ್ತದೆ. ಮೇಲಿನ ಪದರದಲ್ಲಿ ಕಬ್ಬಿಣದ ಅಂಶ ಶೇಖರವಾಗಿ ಮುರಕಲ್ಲಾದರೆ, ಅದರ ಅಡಿಯಲ್ಲಿ ಈ ಬಿಳಿ ಪದರ ಉಳಿಯುತ್ತದೆ. ನಮ್ಮ ನೆರೆಯ ಕಣ್ಣೂರು ಜಿಲ್ಲೆಯ ಮಾಡಾಯಿಯಲ್ಲಿ ಮುರಕಲ್ಲಿನ ಗುಡ್ಡದಿಂದಲೇ, ಪಿಂಗಾಣಿಗೆ ಬಳಸುವ ಬಿಳಿ ಜೇಡಿಯಾದ ಚೀನಾ ಕ್ಲೇ ತೆಗೆದಿದ್ದಾರೆ. ಆದ್ದರಿಂದ ಆ ವೀಕ್ಷಕರ ಊಹೆಯಲ್ಲಿ ತಥ್ಯವಿದೆ: ಅವರ ಬಾವಿಯ ಶೇಡಿ ಮತ್ತು ಚೀನಾ ಕ್ಲೇ ಒಂದೇ ವಂಶದವು.

ಆದರೆ ಚೀನಾ ಕ್ಲೇಯೊಂದರಿಂದಲೇ ಪಿಂಗಾಣಿ ಆಗುವುದಿಲ್ಲ. ಚೀನಾದ ಜಿಂಗ್‌ಡೆಝೆನ್ ಪಟ್ಟಣದ ಕೆಲಸಗಾರರ ವಿಧಾನವನ್ನು ಫ್ರೆಂಚ್ ಪಾದ್ರಿ ದಾಂತ್ರಕೋಲ್ 1712ರಲ್ಲಿ ಪತ್ರ ಬರೆದು ಯುರೋಪಿಗೆ ತಿಳಿಸಿದರು. ಅಲ್ಲಿ ಎರಡು ವಸ್ತುಗಳನ್ನು ಬೆರೆಸುತ್ತಿದ್ದರು. ಸಮೀಪದ ಗಾವೊಲಿಂಗ್‌ನಿಂದ ಹೆಸರು ಪಡೆದ ಕಯೊಲಿನ್, ಅಂದರೆ ಚೀನಾ ಕ್ಲೇ, ಪಾತ್ರೆಗೆ ಎಲುಬು. ಪುಡಿಮಾಡಿದ ಪೆಟುಂಟ್ಸೆ ಎಂಬ ಕಲ್ಲು ಅದಕ್ಕೆ ಮಾಂಸ. ಎಲುಬು ಬೆಂಕಿಯಲ್ಲಿ ಆಕಾರವನ್ನು ಎತ್ತಿ ಹಿಡಿಯುತ್ತದೆ, ಮಾಂಸ ಕರಗಿ ಗಾಜಾಗಿ ಸಂದುಗಳನ್ನು ತುಂಬುತ್ತದೆ. ಇಂದು ನಾವು ಆ ಕಲ್ಲಿನ ಬದಲು ಫೆಲ್ಡ್‌ಸ್ಪಾರ್ ಮತ್ತು ಕ್ವಾರ್ಟ್ಸ್, ಅಂದರೆ ಬೆಣಚುಕಲ್ಲಿನ ಹುಡಿಯನ್ನು ಬಳಸುತ್ತೇವೆ.

[ದೃಶ್ಯ: ತಕ್ಕಡಿಯ ಮುಂದೆ ನಾಲ್ಕು ಹುಡಿಗಳು.]

ತಿಗರಿಗೆ ನಾನು ಬಳಸುವ ಲೆಕ್ಕ ಇದು. ಹತ್ತು ಕಿಲೋ ಒಣ ಹುಡಿಗೆ ಚೀನಾ ಕ್ಲೇ 4.5 ಕಿಲೋ, ಪೊಟ್ಯಾಶ್ ಫೆಲ್ಡ್‌ಸ್ಪಾರ್ 2.7 ಕಿಲೋ, ಕ್ವಾರ್ಟ್ಸ್ 2.5 ಕಿಲೋ, ಬೆಂಟೊನೈಟ್ 300 ಗ್ರಾಂ. ಹುಡಿ ಅಳೆಯುವ ಮೊದಲು ಎನ್95 ಮಾಸ್ಕ್ ಧರಿಸಲೇಬೇಕು. ಕ್ವಾರ್ಟ್ಸ್ ಧೂಳು ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಮತ್ತು ಆ ರೋಗಕ್ಕೆ ಗುಣವಿಲ್ಲ. ಕೆಲಸ ಮುಗಿದ ಮೇಲೆ ನೆಲವನ್ನು ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ಮುನ್ನೂರು ಗ್ರಾಂ ಬೆಂಟೊನೈಟ್ ಏಕೆ? ಚೀನಾ ಕ್ಲೇ ಬಿಳುಪಿನಲ್ಲಿ ಶ್ರೇಷ್ಠ, ಜಿಗುಟಿನಲ್ಲಿ ಬಡವ. ನಮ್ಮ ಗದ್ದೆಯ ಜೇಡಿ ಹೊಳೆನೀರಿನೊಂದಿಗೆ ಹರಿದು ಬಂದು, ಸಣ್ಣ ಕಣಗಳಾಗಿ ಅರೆಯಲ್ಪಟ್ಟು, ದಾರಿಯಲ್ಲಿ ಕಬ್ಬಿಣವನ್ನೂ ಕೊಳೆತ ಎಲೆಗಳ ಸಾರವನ್ನೂ ಕೂಡಿಸಿಕೊಂಡಿರುತ್ತದೆ. ಆದ್ದರಿಂದಲೇ ಅದು ಕುಂಬಾರರ ಕೈಯಲ್ಲಿ ಸಲೀಸಾಗಿ ಏಳುತ್ತದೆ, ಸುಟ್ಟಾಗ ಕೆಂಪಾಗುತ್ತದೆ. ಹುಟ್ಟಿದ ಜಾಗದಲ್ಲೇ ಉಳಿದ ಬಿಳಿ ಮಣ್ಣಿಗೆ ಆ ಪ್ರಯಾಣದ ಕೊಳೆಯೂ ಇಲ್ಲ, ಪಳಗಿದ ಗುಣವೂ ಇಲ್ಲ. ಕಛ್ ಮುಂತಾದ ಕಡೆಗಳಿಂದ ಬರುವ ಬೆಂಟೊನೈಟ್ ನೀರು ಹೀರಿ ಉಬ್ಬುವ ಅತಿ ಸೂಕ್ಷ್ಮ ಜೇಡಿ, ನೂರಕ್ಕೆ ಮೂರು ಭಾಗವಿದ್ದರೂ ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬುತ್ತದೆ. ಅದನ್ನು ನೇರವಾಗಿ ನೀರಿಗೆ ಹಾಕಿದರೆ ಬಿಡಿಸಲಾಗದ ಗಂಟುಗಳಾಗುವುದರಿಂದ, ಮೊದಲು ಒಣ ಚೀನಾ ಕ್ಲೇಯೊಂದಿಗೆ ಚೆನ್ನಾಗಿ ಬೆರೆಸಿಕೊಳ್ಳಬೇಕು.

ಬಳಿಕ ಹುಡಿಯನ್ನು ನೀರಿಗೆ ಸುರಿದು, ರಾತ್ರಿಯಿಡೀ ನೆನೆಯಲು ಬಿಟ್ಟು, ಕಲಸಿ, 80 ಮೆಶ್, ಅಂದರೆ ಇಂಚಿಗೆ 80 ಕಣ್ಣುಗಳಿರುವ ಜರಡಿಯಲ್ಲಿ ಸೋಸಿ, ಪ್ಲಾಸ್ಟರ್ ಹಲಗೆಯ ಮೇಲೆ ಹದ ಬರುವವರೆಗೆ ಆರಿಸಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಆಟಿ ತಿಂಗಳಲ್ಲಿ ಪ್ಲಾಸ್ಟರ್ ಹಲಗೆಯೇ ಒಣಗುವುದಿಲ್ಲ. ಈ ಕೆಲಸವನ್ನು ಮಳೆ ಹಿಡಿಯುವ ಮೊದಲೇ ಮುಗಿಸಿ, ನಾದಿದ ಮಣ್ಣನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ ಮಳೆಗಾಲದಲ್ಲಿ ಹಳತಾಗಿ ಹದಗೊಳ್ಳಲು ಬಿಡುವುದು ಉತ್ತಮ.

[ದೃಶ್ಯ: ಬಕೆಟ್ಟಿನಲ್ಲಿ ಗಟ್ಟಿ ಬಿಳಿ ಮುದ್ದೆ. ಕೈಯಲ್ಲಿ ಸಣ್ಣ ಡ್ರಾಪರ್.]

ಈಗ ಸ್ಲಿಪ್. ಎರಡು ತುಂಡುಗಳನ್ನು ಅಂಟಿಸುವ ಸ್ಲಿಪ್ ಎಂದರೆ ಅದೇ ಮಣ್ಣನ್ನು ನೀರಿನಲ್ಲಿ ಕದಡಿದ ಕೆಸರು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರು ಹೀರುವ ಪ್ಲಾಸ್ಟರ್ ಅಚ್ಚಿಗೆ ಸುರಿದು ಪಾತ್ರೆ ಮಾಡುವ ಸ್ಲಿಪ್ಪಿನ ಬಗ್ಗೆ ಮಾತ್ರ ವಿವರವಾಗಿ ಹೇಳಬೇಕು, ಏಕೆಂದರೆ ಈ ಕಸುಬಿನಲ್ಲಿ ನನ್ನನ್ನು ಇಷ್ಟು ಬೆರಗುಗೊಳಿಸಿದ್ದು ಇನ್ನೊಂದಿಲ್ಲ.

ಹತ್ತು ಕಿಲೋ ಹುಡಿಗೆ ನಾಲ್ಕು ಲೀಟರ್ ನೀರು ಹಾಕಿ ಕಲಸಿ ನೋಡಿ. ಅದು ಕಡುಬಿನ ಹಿಟ್ಟಿನಂತೆ ಗಟ್ಟಿಯಾಗಿ ನಿಲ್ಲುತ್ತದೆ. ನೀರುದೋಸೆಯ ಹಿಟ್ಟಿನಂತೆ ಹರಿಯಬೇಕಾದರೆ ಇನ್ನೂ ಐದಾರು ಲೀಟರ್ ನೀರು ಬೇಕೆನಿಸುತ್ತದೆ. ಅಷ್ಟು ನೀರು ಸೇರಿಸಿದರೆ ಅಚ್ಚು ಅದನ್ನೆಲ್ಲ ಹೀರಲಾರದು, ಪಾತ್ರೆ ವಿಪರೀತ ಕುಗ್ಗಿ ಬಿರುಕು ಬಿಡುತ್ತದೆ. ನೀರು ಸೇರಿಸುವ ಬದಲು ಅದೇ ಗಟ್ಟಿ ಮುದ್ದೆಗೆ ಸೋಡಿಯಂ ಸಿಲಿಕೇಟ್ ಎಂಬ ಕ್ಷಾರ ದ್ರವವನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಹೋಗಿ. ಒಟ್ಟು ಮೂವತ್ತು ಗ್ರಾಂ ಆಗುವಷ್ಟರಲ್ಲಿ, ಒಂದು ಹನಿ ನೀರೂ ಹೆಚ್ಚಿಗೆ ಸೇರದೆ, ಮುದ್ದೆ ಸಡಿಲಗೊಂಡು ಕೆನೆಯಂತೆ ಹರಿಯತೊಡಗುತ್ತದೆ.

[ದೃಶ್ಯ: ಸೌಟಿನಿಂದ ಎಳೆಯಾಗಿ ಇಳಿಯುವ ಸ್ಲಿಪ್. ಮಾತಿಲ್ಲದೆ ಹತ್ತು ಸೆಕೆಂಡ್.]

ಕಯೊಲಿನೈಟಿನ ಕಣಗಳು ಚಪ್ಪಟೆಯಾದ, ಆರು ಮೂಲೆಯ ಬಿಲ್ಲೆಗಳು. ಅವುಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹಪ್ಪಳಗಳೆಂದು ಭಾವಿಸಿಕೊಳ್ಳಿ. ಪ್ರತಿ ಹಪ್ಪಳದ ಮುಖದಲ್ಲಿ ಋಣ ವಿದ್ಯುದಂಶವಿದ್ದು, ಅಂಚಿನಲ್ಲಿ ಧನ ವಿದ್ಯುದಂಶವಿರುತ್ತದೆ. ಆದ್ದರಿಂದ ಒಂದರ ಅಂಚು ಇನ್ನೊಂದರ ಮುಖಕ್ಕೆ ಅಂಟಿ, ಇಸ್ಪೀಟೆಲೆಗಳಿಂದ ಕಟ್ಟಿದ ಮನೆಯಂತಹ ರಚನೆ ಬಕೆಟ್ಟಿನ ತುಂಬ ಹಬ್ಬುತ್ತದೆ. ನೀರು ಬೇಕಾದಷ್ಟಿದ್ದರೂ ಆ ಮನೆಯ ಕೋಣೆಗಳಲ್ಲಿ ಸಿಕ್ಕಿಬಿದ್ದಿರುವುದರಿಂದ ಮುದ್ದೆ ಹರಿಯುವುದಿಲ್ಲ. ಸೋಡಿಯಂ ಸಿಲಿಕೇಟ್ ಅಂಚುಗಳ ಧನಾಂಶವನ್ನು ಅಳಿಸಿಹಾಕುತ್ತದೆ. ಎಲ್ಲ ಕಡೆಯೂ ಋಣಾಂಶವೇ ಆದಾಗ ಹಪ್ಪಳಗಳು ಪರಸ್ಪರ ದೂರ ತಳ್ಳಿಕೊಳ್ಳುತ್ತವೆ, ಮನೆ ಕುಸಿಯುತ್ತದೆ, ಒಳಗಿದ್ದ ನೀರು ಬಿಡುಗಡೆಯಾಗುತ್ತದೆ. ಇದಕ್ಕೆ ವಿರುದ್ಧವಾಗಿ ಒಂದು ಚಮಚ ವಿನೆಗರ್ ಸೇರಿಸಿದರೆ ಆ ಮನೆ ಮತ್ತಷ್ಟು ಗಟ್ಟಿಯಾಗುತ್ತದೆ, ಆದ್ದರಿಂದ ತಿಗರಿಯ ಮಣ್ಣಿಗೆ ವಿನೆಗರ್ ಹಿತ. ಒಂದೇ ಮಣ್ಣು, ಒಂದೇ ನೀರು. ಹುಳಿ ಹಿಂಡಿದರೆ ನಿಲ್ಲುತ್ತದೆ, ಕ್ಷಾರ ಬೆರೆತರೆ ಹರಿಯುತ್ತದೆ.

ಈ ಕಾರಣಕ್ಕಾಗಿಯೇ ಅಚ್ಚಿನ ಸ್ಲಿಪ್ಪಿನಲ್ಲಿ ಬೆಂಟೊನೈಟ್ ಇರಬಾರದು, ಅದು ಲೋಳೆಗಟ್ಟಿಸುತ್ತದೆ. ಅದರ ಬದಲು ಅಷ್ಟೇ ತೂಕದ ಬಾಲ್ ಕ್ಲೇ ಎಂಬ ನುಣುಪಾದ ಜಿಗುಟು ಜೇಡಿ ಹಾಕಿ. ಒಂದು ಲೀಟರ್ ಸ್ಲಿಪ್ಪನ್ನು ತೂಗಿದಾಗ 1.75ರಿಂದ 1.8 ಕಿಲೋ ಬಂದರೆ ನೀರಿನ ಪ್ರಮಾಣ ಸರಿಯಿದೆ. ಸಿಲಿಕೇಟ್ ಅತಿಯಾದರೆ ಸ್ಲಿಪ್ ಪುನಃ ಕೆಡುತ್ತದೆ. ಕಡಲಿನ ಬದಿಯ ಬಾವಿಗಳಲ್ಲಿ ಬೇಸಗೆಯಲ್ಲಿ ಉಪ್ಪಿನಂಶ ಏರಿದಾಗ ಆ ನೀರಿನಲ್ಲಿ ಸ್ಲಿಪ್ ಸರಿಯಾಗಿ ಸಡಿಲಗೊಳ್ಳುವುದಿಲ್ಲ. ಮಳೆನೀರು ಹಿಡಿದಿಟ್ಟು ಬಳಸಿ.

ಸಮಯ ಮೀರುತ್ತಿರುವುದರಿಂದ ಉಳಿದುದನ್ನು ಒಟ್ಟಿಗೆ ಹೇಳುತ್ತೇನೆ. ತಿಗರಿಯ ಮೇಲೆ ಪಿಂಗಾಣಿ ಮಣ್ಣಿಗೆ ನೀರು ಕಡಿಮೆ ಹಾಕಿ, ಗೋಡೆ ದಪ್ಪವಾಗಿಯೇ ಎತ್ತಿ, ಅರ್ಧ ಒಣಗಿದ ಮೇಲೆ ಹೆರೆದು ತೆಳ್ಳಗೆ ಮಾಡಿ. ಸುಡುವಾಗ 573 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕ್ವಾರ್ಟ್ಸ್ ಹಠಾತ್ತನೆ ಹಿಗ್ಗುವುದರಿಂದ ಆ ಹಂತದಲ್ಲಿ ಅವಸರ ಬೇಡ. ಈ ಮಿಶ್ರಣ ಪಕ್ವವಾಗಲು 1,260ರಿಂದ 1,280 ಡಿಗ್ರಿ ಬೇಕು. ಕೆಂಪು ಮಡಕೆ ಸುಡುವ ನಮ್ಮ ಸಾಂಪ್ರದಾಯಿಕ ಆವಿಗೆ ಅಷ್ಟು ಶಾಖವನ್ನು ಮುಟ್ಟುವುದಿಲ್ಲ, ವಿದ್ಯುತ್ ಅಥವಾ ಗ್ಯಾಸ್ ಗೂಡು ಅನಿವಾರ್ಯ.

ಇನ್ನು ಆ ಬಾವಿಯ ಶೇಡಿ. ಅವರು ಕಳುಹಿಸಿದ ಮಣ್ಣನ್ನು ತೊಳೆದು, ಮೇಲಿನ ಸಣ್ಣ ಕಣಗಳ ತಿಳಿಯನ್ನು ಬಸಿದು ಒಣಗಿಸಿ, ಚೀನಾ ಕ್ಲೇಯ ಬದಲು ಪೂರ್ತಿಯಾಗಿ ಅದನ್ನೇ ಹಾಕಿ ಒಂದು ಬಿಲ್ಲೆ ಸುಟ್ಟೆವು. ಹಸಿಯಾಗಿದ್ದಾಗ ಹಾಲಿನಂತಿದ್ದ ಮಣ್ಣು ಸುಟ್ಟ ಮೇಲೆ ಹಳೆಯ ದಂತದ ಬಣ್ಣಕ್ಕೆ ತಿರುಗಿತು, ಅಲ್ಲಲ್ಲಿ ಕಂದು ಚುಕ್ಕೆಗಳೂ ಕಾಣಿಸಿಕೊಂಡವು; ತೊಳೆದರೂ ಹೋಗದ ಕಬ್ಬಿಣದ ಗುರುತು ಅದು. ನನ್ನ ಕಣ್ಣಿಗೆ ಆ ಬಣ್ಣ ಅಂಗಡಿಯ ಬಿಳುಪಿಗಿಂತ ಹಿತವಾಗಿದೆ. ಆದರೆ ಅದು ಪಿಂಗಾಣಿಯೇ ಎಂಬುದನ್ನು ಬಣ್ಣ ನಿರ್ಧರಿಸುವುದಿಲ್ಲ, ಸುಟ್ಟ ಮಣ್ಣು ನೀರು ಹೀರುತ್ತದೆಯೇ ಎಂದು ನೋಡಬೇಕು. ಚೀನಾ ಕ್ಲೇಯ ಹತ್ತರಲ್ಲೊಂದು ಪಾಲಿನ ಜಾಗಕ್ಕೆ ಮಾತ್ರ ಶೇಡಿ ಹಾಕಿ ಮೂರು ಪಟ್ಟಿಗಳನ್ನು ಮಾಡಿ, ಹಸಿಯಲ್ಲೇ ಹತ್ತು ಸೆಂಟಿಮೀಟರಿನ ಗೆರೆ ಕೊರೆದಿಡಿ. ಸುಟ್ಟ ಮೇಲೆ ಗೆರೆ 8.7 ಸೆಂಟಿಮೀಟರಿನ ಆಸುಪಾಸಿಗೆ ಕುಗ್ಗಿರಬೇಕು. ಪಟ್ಟಿಯನ್ನು ತೂಗಿ, ಎರಡು ಗಂಟೆ ನೀರಿನಲ್ಲಿ ಕುದಿಸಿ, ಒರೆಸಿ ಪುನಃ ತೂಗಿ. ತೂಕ ಹೆಚ್ಚುಕಡಿಮೆ ಏರದಿದ್ದರೆ ಪಾಲನ್ನು ಹತ್ತರಲ್ಲೆರಡಕ್ಕೆ ಹೆಚ್ಚಿಸಿ, ಮತ್ತೆ ಸುಡಿ.