ಹಗ್ಗ ಜಗ್ಗುವ ಮೊದಲು

ಕೇಳುಗರೇ, ನಮಸ್ಕಾರ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದ ದಾರಿಗಳೂ ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಅಂಥಲ್ಲಿ ಫೋರ್ ವೀಲ್ ಜೀಪೂ ಹೂತುಹೋಗುತ್ತದೆ. ಕೆಸರಿಗಿಂತ ನನಗೆ ಭಯ ಆಮೇಲೆ ಕಟ್ಟುವ ಹಗ್ಗದ್ದು.

ಚಕ್ರ ಸುಮ್ನೆ ತಿರುಗುತ್ತಿದ್ದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಒತ್ತಿದಷ್ಟೂ ಗಾಡಿ ಕೆಳಗಿಳಿಯುತ್ತದೆ. ಹೊಟ್ಟೆ ನೆಲಕ್ಕೆ ಕೂತರೆ ಚಕ್ರಕ್ಕೆ ಹಿಡಿತವೇ ಸಿಗುವುದಿಲ್ಲ. ಇಳಿದು ಗುದ್ದಲಿ ಹಿಡಿಯಿರಿ, ಚಕ್ರದ ಮುಂದಿನ ಮತ್ತು ಅಡಿಯ ಮಣ್ಣು ಬಿಡಿಸಿ. ಉಂಬಳ ಹತ್ತುತ್ತವೆ, ಹತ್ತಲಿ ಬಿಡಿ. ಟೈರಿನಲ್ಲಿ 30 ಪಾಯಿಂಟ್ ಗಾಳಿ ಇದ್ದರೆ 20ರ ಹತ್ತಿರಕ್ಕೆ ಇಳಿಸಿ. ಟೈರು ಅಗಲವಾಗಿ ಕೂರುತ್ತದೆ. ಲೋ ಗೇರಿನಲ್ಲಿ ನಿಧಾನಕ್ಕೆ ಬಿಟ್ಟರೆ ಎಷ್ಟೋ ಸಲ ಗಾಡಿ ತಾನೇ ಮೇಲೆ ಬರುತ್ತದೆ.

ಬರಲಿಲ್ಲ ಅಂದರೆ ಎಳೆಯಬೇಕು. ಹಗ್ಗ ಎಲ್ಲಿಗೆ ಕಟ್ಟುತ್ತೀರಿ ಅನ್ನುವುದೇ ಇಲ್ಲಿ ಮುಖ್ಯ. ಹಿಂದೆ ಟ್ರೇಲರ್ ಸಿಕ್ಕಿಸುವ ಉಕ್ಕಿನ ಚೆಂಡು ಇರುತ್ತಲ್ಲ, ಅದಕ್ಕೆ ಕಟ್ಟಲೇಬೇಡಿ. ಉರುಳುವ ಟ್ರೇಲರಿಗಾಗಿ ಮಾಡಿದ್ದು ಅದು. ಹೂತ ಗಾಡಿಯನ್ನು ಜಗ್ಗಿದಾಗ ಅದರ ಕತ್ತು ಮುರಿದರೆ, ಬಂದೂಕಿನ ಗುಂಡಿನ ಹಾಗೆ ಗಾಜು ಒಡೆದು ಒಳಗೆ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಹೀಗೆ ಜೀವಗಳೇ ಹೋಗಿವೆ. ಲಾರಿ ಮೇಲೆ ಸಾಗಿಸುವಾಗ ಬಿಗಿಯುವ ತೆಳು ಕೊಂಡಿಯೂ ಬೇಡ. ಚಾಸಿಗೆ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ, ಬೋಲ್ಟ್ ಹಾಕಿ ಕೂರಿಸಿದ, ಎಳೆಯಲೆಂದೇ ಇರುವ ಹುಕ್ಕೇ ಆಗಬೇಕು.

ಟ್ರ್ಯಾಕ್ಟರಿನ ಚೈನಾಗಲಿ ವೈರ್ ರೋಪಾಗಲಿ ಹಿಗ್ಗುವುದಿಲ್ಲ. ಅವುಗಳನ್ನು ಕಟ್ಟಿ ಓಡಿಬಂದು ಜಗ್ಗಬಾರದು, ನಿಧಾನಕ್ಕೆ ಎಳೆಯಬೇಕು. ಜಗ್ಗುವುದಕ್ಕೆಂದೇ ನೈಲಾನಿನ ರಿಕವರಿ ಹಗ್ಗ ಬರುತ್ತದೆ. 9 ಮೀಟರ್ ಉದ್ದದ್ದು ಎರಡು ಮೀಟರ್‌ವರೆಗೂ ಹಿಗ್ಗಬಲ್ಲದು. ಆ ಹಿಗ್ಗಿನ ಬಲವೇ ಗಾಡಿಯನ್ನು ಕಿತ್ತು ತರುವುದು. ತುಂಡಾದರೆ ಬೀಸಿ ಹೊಡೆಯುವುದೂ ಅದೇ ಬಲ. ಹಗ್ಗದ ನಡುವೆ ಒದ್ದೆ ಗೋಣಿಚೀಲವನ್ನೋ ದಪ್ಪ ಕಂಬಳಿಯನ್ನೋ ಹೊದೆಸಿ. ಹೊಡೆತ ಪೂರ್ತಿ ನಿಲ್ಲುವುದಿಲ್ಲ, ತಗ್ಗುತ್ತದೆ.

ನಮ್ಮ ಕಡೆ ಜೀಪು ಹೂತರೆ ಕೇರಿಯೇ ಸೇರುತ್ತದೆ, ಅಲ್ವಾ? ಸಲಹೆಗಂತೂ ಬರವಿಲ್ಲ! ಹಗ್ಗದ ಉದ್ದದ ಒಂದೂವರೆ ಪಟ್ಟು ದೂರಕ್ಕೆ ಎಲ್ಲರನ್ನೂ ಕಳಿಸಿ. ಬಿಗಿದ ಹಗ್ಗವನ್ನು ಯಾರೂ ದಾಟಬಾರದು. ಸನ್ನೆ ಮಾಡುವವರು ಒಬ್ಬರೇ ಇರಲಿ.

ವಿಂಚ್, ಅಂದರೆ ಗಾಡಿಗೇ ಕೂರಿಸಿದ, ಹಗ್ಗ ಸುತ್ತಿಕೊಂಡು ಎಳೆಯುವ ಯಂತ್ರ, ಇದ್ದವರಿಗೆ ಒಂದು ಮಾತು. ಪಕ್ಕದಲ್ಲೇ ಇದೆ ಎಂದು ಅಡಿಕೆ ಮರಕ್ಕೆ ಕಟ್ಟಬೇಡಿ. ತೆಳು ಕಾಂಡ, ಮೇಲುಮೇಲಿನ ಬೇರು, ಮರವೇ ನಿಮ್ಮ ಮೇಲೆ ಬಂದೀತು. ದಪ್ಪ ಮತ್ತಿ ಮರವೋ ಮಾವಿನ ಮರವೋ ನೋಡಿ, ಬುಡಕ್ಕೆ ಅಗಲದ ಪಟ್ಟಿ ಸುತ್ತಿ.

ಟಾರು ರಸ್ತೆಗೆ ಬಂದ ಮೇಲೆ ಬ್ರೇಕ್ ಒಂದೆರಡು ಸಲ ಒತ್ತಿ ನೋಡಿ, ಕೆಸರು ಹೊಕ್ಕಿರುತ್ತದೆ. ಟೈರಿಗೆ ಗಾಳಿ ತುಂಬಿಸದೆ ಘಾಟಿ ಇಳಿಯಬೇಡಿ. ನಮಸ್ಕಾರ.