ಎಲೆಯಿಲ್ಲದ ಗಿಡದ ಕಾಯಿ

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಮಗೆ ಪರಿಚಯದ ಮಾರವಾಡಿ ಅಂಗಡಿಯೊಂದಿದೆ. ಊರಿಗೆ ಹೋಗಿ ಬಂದ ಯಜಮಾನರು ಒಮ್ಮೆ ನನ್ನ ಕೈಗೆ ಪೊಟ್ಟಣವೊಂದನ್ನು ಕೊಟ್ಟು 'ಕೇರ್' ಎಂದರು. ಹೆಸರು ಕೇಳಿ ಕೈ ಹಿಂದೆಗೆದೆ. ನಮ್ಮ ಕಡೆ ಕೇರು ಎಂದರೆ ಸೊನೆ ತಾಗಿದರೆ ಮೈ ಬೊಬ್ಬೆ ಏಳುವ ಮರ! ಬಿಚ್ಚಿ ನೋಡಿದರೆ ಕಾಳುಮೆಣಸಿಗಿಂತ ತುಸು ದಪ್ಪನೆಯ, ಸುಕ್ಕುಗಟ್ಟಿದ ಒಣ ಕಾಯಿಗಳು. ಮನೆಗೆ ತಂದು ಹಾಗೆಯೇ ಬೇಯಿಸಿ ಒಗ್ಗರಣೆ ಹಾಕಿದೆವು. ಅದರ ಕಹಿಯ ಮುಂದೆ ಹಾಗಲಕಾಯಿ ಪಾಯಸ.

ಮರುದಿನ ಅಂಗಡಿಯವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ರಾತ್ರಿ ಮಜ್ಜಿಗೆಯಲ್ಲಿ ನೆನೆಸಲಿಲ್ಲವೇ?"

ಕೇರ್ ರಾಜಸ್ಥಾನದ ಥಾರ್ ಮರುಭೂಮಿಯ ಕಾಡುಗಿಡ. ಸಂಸ್ಕೃತದವರು ಕರೀರ ಎಂದರು. ಎಳೆಯ ಚಿಗುರಿನಲ್ಲಿ ನಾಲ್ಕು ಸಣ್ಣ ಎಲೆ ಮೂಡಿ ಬೇಗನೆ ಉದುರುತ್ತವೆ. ಆಮೇಲೆ ಹಸಿರು ಕಡ್ಡಿಗಳೇ ಎಲೆಯ ಕೆಲಸ ಮಾಡುತ್ತವೆ. ಎಲೆಯಿಲ್ಲದ ಮೇಲೆ ನೀರು ಆವಿಯಾಗುವುದೂ ಕಡಿಮೆ. ಬೇಸಿಗೆಯ ಉರಿಯಲ್ಲಿ ಕೆಂಪು ಹೂ, ಹಸಿರು ಕಾಯಿ. ಗೆದ್ದಲು ಸುಲಭಕ್ಕೆ ಮುಟ್ಟದ ಗಟ್ಟಿ ಕಟ್ಟಿಗೆ ಹತ್ಯಾರುಗಳ ಹಿಡಿಗೆ ಒದಗುತ್ತದೆ.

ಹಸಿ ಕಾಯಿಯನ್ನು ಮಡಕೆಯಲ್ಲಿ ಉಪ್ಪುನೀರು ಅಥವಾ ಮಜ್ಜಿಗೆಯಲ್ಲಿಟ್ಟು, ನೀರು ಬದಲಿಸುತ್ತ, ಕಹಿ ಬಿಡುವವರೆಗೆ ದಿನಗಟ್ಟಲೆ ಕಾಯುತ್ತಾರೆ. ಬಳಿಕ ಉಪ್ಪಿನಕಾಯಿ ಹಾಕುತ್ತಾರೆ. ಹಸಿಯಾಗಿಯೇ ಒಣಗಿಸಿಟ್ಟ ಕಾಯಿಯಲ್ಲಿ ಕಹಿ ಹಾಗೇ ಉಳಿದಿರುತ್ತದೆ; ಅದನ್ನು ಅಡುಗೆಗೆ ಮುನ್ನ ನೆನೆಸಬೇಕು. ಕೇಳುತ್ತ ಕೇಳುತ್ತ ನನಗೆ ನಮ್ಮಜ್ಜಿಯ ಅಟ್ಟ ನೆನಪಾಯಿತು. ಹೊಳೆಸಾಲಿನ ಅಪ್ಪೆಮಿಡಿಯನ್ನು ತೊಟ್ಟು ಮುರಿಯದಂತೆ ಕೊಯ್ದು, ಉಪ್ಪಿನಲ್ಲಿ ಚಿರುಟಿಸಿ ಭರಣಿಗೆ ತುಂಬುವುದು. ಪಕ್ಕದಲ್ಲಿ ಹಲಸಿನ ಉಪ್ಪುಸೊಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ. ಥಾರ್ ನಡುವಿನ ಜೈಸಲ್ಮೇರಿನಲ್ಲಿ 200ರ ಆಸುಪಾಸು. ಇಲ್ಲಿ ಮಳೆ ಹಿಡಿದರೆ ತರಕಾರಿಯಿಲ್ಲ, ಅಲ್ಲಿ ಮಳೆಯೇ ಇಲ್ಲದೆ ತರಕಾರಿಯಿಲ್ಲ. ಎರಡೂ ಕಡೆಯ ಅಜ್ಜಿಯರು ಕೈಹಾಕಿದ್ದು ಉಪ್ಪಿನ ಮಡಕೆಗೇ.

ಅಡುಗೆಯಲ್ಲಿ ಕೇರ್‌ಗೆ ಜೋಡಿ ಸಾಂಗ್ರಿ. ಅದು ಬೇರೇನಲ್ಲ, ನಾವು ವಿಜಯದಶಮಿಗೆ ಮುಡಿಯುವ ಬನ್ನಿಯ ಎಳೆಕೋಡು. ಸೊಪ್ಪನ್ನು ಬಂಗಾರವೆಂದು ಹಂಚುವ ನಾವು ಕೋಡನ್ನು ಬಾಯಿಗಿಟ್ಟವರಲ್ಲ. ಅವರು ಎರಡನ್ನೂ ಎಣ್ಣೆ, ಒಣಮೆಣಸು, ಒಣ ಮಾವಿನಪುಡಿಯಲ್ಲಿ ಬಾಡಿಸುತ್ತಾರೆ. ಎರಡನೆಯ ಸಲ ನೆನೆಸಿಯೇ ಮಾಡಿದೆವು. ರೊಟ್ಟಿಗೆ ಸೊಗಸಾಗಿತ್ತು; ಕುಚ್ಚಲಕ್ಕಿ ಗಂಜಿಗೆ ಇನ್ನೂ ಸೊಗಸು, ಇದು ನನ್ನ ಸ್ವಂತ ಸಂಶೋಧನೆ.

ಮೊನ್ನೆ ಪ್ರತಿಯಾಗಿ ಅವರಿಗೆ ಒಂದು ಭರಣಿ ಅಪ್ಪೆಮಿಡಿ ಒಯ್ದು ಕೊಟ್ಟೆ. ಮುಚ್ಚಳ ತೆಗೆದು ಮೂಸಿದರು. ಆಮೇಲೆ ಗಂಭೀರವಾಗಿ ಕೇಳಿದರು: "ಇದನ್ನು ಎಷ್ಟು ದಿನ ಮಜ್ಜಿಗೆಯಲ್ಲಿ ನೆನೆಸಬೇಕು?"

ನಮಸ್ಕಾರ.